ಬಹುಮಾನ ದಿನದ ಭಾಷಣ, ಪ್ರಯೋಗಶಾಲೆಯ ಗೆರೆ

2024-25ರಲ್ಲಿ ನಾರಾಯಣಪೇಟೆಗೂ ಗದ್ವಾಲಕ್ಕೂ ಒಂದೊಂದು ಸರ್ಕಾರಿ ವೈದ್ಯಕೀಯ ಕಾಲೇಜು ಬಂತು, ತಲಾ 50 ಸೀಟು. ನಾರ್ವ, ಮಕ್ತಲ್, ಕೃಷ್ಣಾ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ಡಾಕ್ಟರಿಕೆ ಓದು ಊರ ಹತ್ತಿರಕ್ಕೇ ಬಂದಂತಾಯಿತು. ಇನ್ನು ಕೆಲವು ವರ್ಷಗಳಲ್ಲಿ ಈ ಕಾಲೇಜುಗಳೂ ವಾರ್ಷಿಕ ವರದಿ ಅಚ್ಚು ಹಾಕಿಸುತ್ತವೆ. ಅದರಲ್ಲಿ ‘ವಿದ್ಯಾರ್ಥಿಗಳ ಹಾಗೂ ಅಧ್ಯಾಪಕರ ಸಾಧನೆ’ ಎಂಬ ಭಾಗ ಇದ್ದೇ ಇರುತ್ತದೆ. ಈ ಸೀಮೆಗೆ ಸಂಬಂಧಪಟ್ಟ ಹಳೆಯ ವೈದ್ಯಶಾಲೆಯೊಂದರಲ್ಲಿ ಸಾಧನೆಯನ್ನು ಹೇಗೆ ದಾಖಲಿಸಿದ್ದರು ಎಂದು ಹುಡುಕಹೊರಟರೆ ಜಾಡು ಹೈದರಾಬಾದಿಗೆ ಹೋಗುತ್ತದೆ. 1948ರವರೆಗೆ ಈ ಊರುಗಳೆಲ್ಲ ನಿಜಾಮರ ಸಂಸ್ಥಾನದಲ್ಲಿದ್ದವು. ಗದ್ವಾಲ ತಾಲ್ಲೂಕಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯದೇ.

ಹೈದರಾಬಾದ್ ಮೆಡಿಕಲ್ ಸ್ಕೂಲ್ ಶುರುವಾದದ್ದು 1846ರಲ್ಲಿ. ಮೊದಮೊದಲು ಪಾಠ ಉರ್ದುವಿನಲ್ಲಿ. ಓದು ಮುಗಿಸಿದವರಿಗೆ ಸಿಗುತ್ತಿದ್ದ ಪದವಿ ‘ಹಕೀಮ್’. 1885ರಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್ ಇಲ್ಲಿಗೆ ಮುಖ್ಯಸ್ಥನಾಗಿ ಬಂದ. ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್‌ನ ಕೈಕೆಳಗೆ ಪಳಗಿದವನು. ಅರಿವಳಿಕೆಗೆ ಕ್ಲೋರೊಫಾರ್ಮ್ ಕೊಡುವಾಗ ರೋಗಿಯ ಉಸಿರನ್ನು ಮಾತ್ರ ನೋಡಬೇಕು, ನಾಡಿ ಹಿಡಿದು ಕೂರುವುದು ದಂಡ ಎಂಬುದು ಗುರುವಿನಿಂದ ಬಂದ ಪಾಠ. ಶಾಲೆಯ ಹೆಸರು ಲಂಡನ್ನಿನವರೆಗೆ ಹೋದದ್ದು ಈ ಪಾಠದಿಂದ.

ಹುಡುಕಾಟದ ಮೊದಲ ಕೊಂಡಿ ಒಂದು ಬಹುಮಾನ ವಿತರಣಾ ಸಮಾರಂಭ. 1889ರ ಆರಂಭದಲ್ಲಿ ಶಾಲೆಯ ವಿದ್ಯಾರ್ಥಿಗಳಿಗೆ ಬಹುಮಾನ ಹಂಚಲು ಡಚೆಸ್ ಆಫ್ ಕನಾಟ್ ಬಂದಿದ್ದರು. ಅಲ್ಲಿ ಲಾರಿ ಮಾತಾಡಿದ್ದು ಕ್ಲೋರೊಫಾರ್ಮಿನ ಬಗ್ಗೆ. ಹಿಂದಿನ ವರ್ಷ ಪ್ಯಾಟ್ರಿಕ್ ಹೆಹಿರ್ ಅಧ್ಯಕ್ಷತೆಯ ಆಯೋಗವೊಂದು ನಾಯಿಗಳ ಮೇಲೆ ಪ್ರಯೋಗ ನಡೆಸಿತ್ತು. ಕ್ಲೋರೊಫಾರ್ಮಿನಿಂದ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ ಎಂದು ತೀರ್ಮಾನಿಸಿತ್ತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಒಪ್ಪಲಿಲ್ಲ. ಒಪ್ಪದಿರಲು ಕಾರಣವೂ ಇತ್ತು. 1847ರ ನವೆಂಬರಿನಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೊಫಾರ್ಮನ್ನು ಬಳಕೆಗೆ ತಂದ. ಮೂರು ತಿಂಗಳೂ ತುಂಬಿರಲಿಲ್ಲ, 1848ರ ಜನವರಿ 28ರಂದು ಹಾನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲುಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೊಫಾರ್ಮಿನಡಿಯಲ್ಲೇ ತೀರಿಹೋದಳು. ಇಂಥ ಸಾವುಗಳಲ್ಲಿ ಹೃದಯವೇ ತಟ್ಟನೆ ನಿಲ್ಲುತ್ತದೆ ಎಂದು ಲಂಡನ್ನಿನ ವೈದ್ಯರು ನಂಬಿದ್ದರು.

ಬೇರೆ ಮುಖ್ಯಸ್ಥನಾಗಿದ್ದರೆ ಪತ್ರಿಕೆಗೆ ಖಾರವಾದ ಕಾಗದ ಬರೆದು ಸುಮ್ಮನಾಗುತ್ತಿದ್ದನೇನೋ. ಲಾರಿ ನಿಜಾಮ ಮೀರ್ ಮಹಬೂಬ್ ಅಲಿ ಖಾನರಿಂದ 1,000 ಪೌಂಡ್ ಕೊಡಿಸಿ, ನಿಮ್ಮವನೇ ಬಂದು ನೋಡಲಿ ಎಂದು ಲ್ಯಾನ್ಸೆಟ್‌ಗೆ ಸವಾಲು ಹಾಕಿದ. ಪತ್ರಿಕೆ ಥಾಮಸ್ ಲಾಡರ್ ಬ್ರಂಟನ್‌ನನ್ನು ಕಳಿಸಿತು; ಔಷಧಶಾಸ್ತ್ರದಲ್ಲಿ ಆ ಕಾಲದ ದೊಡ್ಡ ಹೆಸರು. ಲಾರಿ ಅಧ್ಯಕ್ಷ, ಬ್ರಂಟನ್, ಜೆರಾಲ್ಡ್ ಬಾಮ್‌ಫರ್ಡ್, ನಿಜಾಮರ ಸೇವೆಯಲ್ಲಿದ್ದ ಡಾ. ರುಸ್ತುಂಜಿ ಸದಸ್ಯರು: ಇದೇ ಎರಡನೆಯ ಹೈದರಾಬಾದ್ ಕ್ಲೋರೊಫಾರ್ಮ್ ಆಯೋಗ.

ಬ್ರಂಟನ್ ಹೈದರಾಬಾದಿನಿಂದ ಕಳಿಸಿದ ತಂತಿಯನ್ನು ಲ್ಯಾನ್ಸೆಟ್ 1889ರ ಡಿಸೆಂಬರಿನಲ್ಲಿ ಅಚ್ಚು ಹಾಕಿತು. ಆಯೋಗದ ಪೂರ್ಣ ವರದಿ 1890ರಲ್ಲಿ ಅದೇ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು, 1891ರಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಮುದ್ರಣಾಲಯದಿಂದ ಪುಸ್ತಕವಾಯಿತು. ತಂತಿಯ ಪ್ರಕಾರ ನಾಯಿ, ಕುದುರೆ, ಮಂಗ, ಮೇಕೆ, ಬೆಕ್ಕು, ಮೊಲ ಸೇರಿ 490 ಪ್ರಾಣಿಗಳು. ಅದರಲ್ಲಿ 120 ಪ್ರಯೋಗಗಳಿಗೆ ರಕ್ತದೊತ್ತಡ ಅಳೆಯುವ ಪಾದರಸದ ಮಾಪಕ ಬಳಸಿದ್ದರು. ಎಲ್ಲ ದಾಖಲೆಗಳ ಫೋಟೊ ತೆಗೆಯಲಾಗಿದೆ ಎಂಬ ಮಾತೂ ಆ ತಂತಿಯಲ್ಲಿದೆ.

ಈ ಮಾಪಕದ ಕೆಲಸವನ್ನು ಕೊಂಚ ಹತ್ತಿರದಿಂದ ನೋಡಬೇಕು. ಪ್ರಾಣಿಯ ರಕ್ತನಾಳಕ್ಕೆ ಒಂದು ನಳಿಗೆ. ನಳಿಗೆಯ ಇನ್ನೊಂದು ತುದಿಯಲ್ಲಿ ಪಾದರಸ. ರಕ್ತದ ಒತ್ತಡ ಏರಿದರೆ ಪಾದರಸ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದರ ಮೇಲೆ ತೇಲುವ ಲೇಖನಿ, ತಿರುಗುತ್ತಿರುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ಒಬ್ಬರು ಕ್ಲೋರೊಫಾರ್ಮ್ ಹಿಡಿಯಬೇಕು, ಒಬ್ಬರು ಉಸಿರು ಎಣಿಸಬೇಕು, ಒಬ್ಬರು ಉರುಳೆ ನೋಡಿಕೊಳ್ಳಬೇಕು, ಮತ್ತೊಬ್ಬರು ಹೊತ್ತು ಬರೆಯಬೇಕು. ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಇಷ್ಟೊಂದು ಪ್ರಯೋಗ ನಾಲ್ಕೇ ಜನರ ಕೈಯಲ್ಲಿ ಮುಗಿಯುವ ಮಾತಲ್ಲ. ಶಾಲೆಯ ಹುಡುಗರ, ಆಸ್ಪತ್ರೆಯ ಸಿಬ್ಬಂದಿಯ ಕೈ ಇದರಲ್ಲಿ ಇರಲೇಬೇಕು. ಸದಸ್ಯರ ಪಟ್ಟಿಯಲ್ಲಿ ಮಾತ್ರ ನಾಲ್ಕೇ ಹೆಸರು.

ಹೆಸರಿನ ಈ ಪ್ರಶ್ನೆ ಇನ್ನೂ ಚುರುಕಾಗುವುದು ರೂಪಾಬಾಯಿ ಫರ್ದೂನ್‌ಜಿಯ ವಿಷಯಕ್ಕೆ ಬಂದಾಗ. 1885ರಲ್ಲಿ ಈ ಶಾಲೆಗೆ ಸೇರಿದ ಐವರು ಹೆಣ್ಣುಮಕ್ಕಳಲ್ಲಿ ಈ ಪಾರ್ಸಿ ಹುಡುಗಿಯೂ ಒಬ್ಬಳು. 1889ರಲ್ಲಿ, ಅಂದರೆ ಬ್ರಂಟನ್ ಬಂದ ವರ್ಷವೇ, ಹಕೀಮ್ ಪದವಿ ಪಡೆದರು. ಕ್ಲೋರೊಫಾರ್ಮ್ ಕೊಡುವುದನ್ನೇ ವೃತ್ತಿಯಾಗಿ ಹಿಡಿದರು. 1909ರಲ್ಲಿ ಹೆಚ್ಚಿನ ಓದಿಗೆ ಎಡಿನ್‌ಬರೋಗೆ ಹೋಗಿಬಂದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಇಂದು ಅರಿವಳಿಕೆ ಶಾಸ್ತ್ರದ ಚರಿತ್ರೆಕಾರರು ಅವರನ್ನು ನೆನೆಯುತ್ತಾರೆ. ಶಾಲೆಯ ವಿದ್ಯಾರ್ಥಿ ಸಾಧನೆ ಎಂದು ಎದೆತಟ್ಟಿ ಹೇಳಬಹುದಾದದ್ದು ಇದಕ್ಕಿಂತ ಬೇರೇನಿದೆ? ಆದರೂ ದಶಕಗಳ ಕಾಲ ಹೈದರಾಬಾದ್ ಕ್ಲೋರೊಫಾರ್ಮ್ ಎಂದರೆ ಲಾರಿ, ಲಾರಿ ಎಂದರೆ ಕ್ಲೋರೊಫಾರ್ಮ್ ಎಂದೇ ಆಯಿತು. ಅಧ್ಯಾಪಕರ ಸಾಧನೆಗೆ ವರದಿಯೇ ಇತ್ತು, ಪುಸ್ತಕವೇ ಇತ್ತು. ವಿದ್ಯಾರ್ಥಿನಿಯ ಸಾಧನೆಯನ್ನು ಸೇವಾವಿವರ, ಪ್ರವಾಸ, ಪದವಿಗಳ ಚೂರುಪಾರು ಸೇರಿಸಿ ಹೆಣೆಯಬೇಕಾಯಿತು.

ಆ ಅಧ್ಯಾಪಕರ ಸಾಧನೆಯಾದರೂ ಎಷ್ಟು ಗಟ್ಟಿ? ಆಯೋಗದ ವರದಿಯ ಕೊನೆಯಲ್ಲಿ ವೈದ್ಯರಿಗೆ ಕೊಟ್ಟ ಸೂಚನೆಗಳನ್ನು ಓದಿದರೆ ಅನುಭವಸ್ಥರ ಕೈ ಕಾಣುತ್ತದೆ. ರೋಗಿಯನ್ನು ಮಲಗಿಸಿಯೇ ಕೊಡಬೇಕು, ಉಸಿರಾಟಕ್ಕೆ ಅಡ್ಡಿಯಾಗುವ ಬಟ್ಟೆ ಸಡಿಲಿಸಬೇಕು, ಶುರುವಿನಲ್ಲೇ ಮುಖಕ್ಕೆ ಒತ್ತಿ ಹಿಡಿಯಬಾರದು, ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕದಿದ್ದಾಗಲೇ ಶಸ್ತ್ರಚಿಕಿತ್ಸೆ ಶುರುಮಾಡಬೇಕು. ಇವೆಲ್ಲ ಜೀವ ಉಳಿಸುವ ಮಾತು. ಆದರೆ ಮೂಲ ತೀರ್ಮಾನ, ಹೃದಯಕ್ಕೆ ನೇರ ಅಪಾಯವಿಲ್ಲ ಎಂಬುದು, ನಿಲ್ಲಲಿಲ್ಲ. ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ 1893ರಲ್ಲಿ ಆಯೋಗದ ಕೆಲಸವನ್ನು ಬಿಡಿಬಿಡಿಯಾಗಿ ಪರಿಶೀಲಿಸಿ ಟೀಕಿಸಿದರು. ಕ್ಲೋರೊಫಾರ್ಮ್ ಬೆರೆತ ರಕ್ತ ಮಿದುಳಿಗೆ ಮಾತ್ರ ಹೋಗುವಂತೆ, ಆಮೇಲೆ ಹೃದಯಕ್ಕೆ ಹೋಗುವಂತೆ ಬೇರೆಬೇರೆಯಾಗಿ ಪ್ರಯೋಗ ಮಾಡಿ, ಒತ್ತಡ ಕುಸಿಯುವುದು ಹೃದಯಕ್ಕೆ ಬೀಳುವ ನೇರ ಪೆಟ್ಟಿನಿಂದ ಎಂದು ತೋರಿಸಿದರು. 1911ರಲ್ಲಿ ಗುಡ್‌ಮನ್ ಲೆವಿ ಇನ್ನೂ ಮುಂದೆ ಹೋದ: ಕ್ಲೋರೊಫಾರ್ಮ್ ಪೂರ್ತಿ ಹಿಡಿಯದೆ ಅರೆಬರೆ ಇರುವಾಗಲೇ ಹೃದಯದ ಕೆಳಕೋಣೆಗಳು ತಾಳ ತಪ್ಪಿ ಅದುರಿ ನಿಂತುಹೋಗಬಹುದು. ಉಸಿರನ್ನಷ್ಟೇ ನೋಡುತ್ತ ಕೂತವನಿಗೆ ಇದರ ಸುಳಿವು ಸಿಗುವುದೇ ಇಲ್ಲ.

ಹಾಗಾದರೆ ಹೈದರಾಬಾದಿನ ಆ ದುಡ್ಡು, ಆ ಪ್ರಾಣಿಗಳು, ಆ ದುಡಿಮೆ ಎಲ್ಲ ನೀರಿನಲ್ಲಿ ಹೋಮವೇ? ನನಗೆ ಹಾಗೆ ತೋರುವುದಿಲ್ಲ. ಅಂಕಿ, ಗೆರೆ, ಹೊತ್ತು ಎಲ್ಲವನ್ನೂ ಆಯೋಗ ಬಯಲಿಗಿಟ್ಟದ್ದರಿಂದಲೇ ಕೇಂಬ್ರಿಜ್‌ನವರು ಅದನ್ನು ಎತ್ತಿಕೊಂಡು ವಾದಿಸಲು ಸಾಧ್ಯವಾಯಿತು. ಬರೀ ಬಹುಮಾನ ದಿನದ ಭಾಷಣವಾಗಿದ್ದರೆ ಚಪ್ಪಾಳೆಯೊಂದಿಗೆ ಮುಗಿದುಹೋಗುತ್ತಿತ್ತು. ಮುಖ್ಯಸ್ಥ ಹೊಗಳಿಕೊಂಡ ತೀರ್ಮಾನ ಬಿತ್ತು. ಆತನ ಶಾಲೆಯ ಪ್ರಯೋಗಶಾಲೆಯಲ್ಲಿ ಎಳೆದ ಗೆರೆ ಮುಂದಿನವರಿಗೆ ಕೆಲಸಕ್ಕೆ ಬಂತು.

ಈ ಶಾಲೆಯೇ ಮುಂದೆ ಉಸ್ಮಾನಿಯಾ ಮೆಡಿಕಲ್ ಕಾಲೇಜಾಯಿತು. ಅದರ ಪಾಠದ ಆಸ್ಪತ್ರೆಯಾಗಿದ್ದ ಅಫ್ಜಲ್‌ಗಂಜ್ ಆಸ್ಪತ್ರೆಯನ್ನು 1908ರ ಸೆಪ್ಟೆಂಬರಿನ ಮೂಸಿ ಪ್ರವಾಹ ಹಾಳುಮಾಡಿತು. ಸ್ಥಳೀಯ ಕಡತವನ್ನೇ ನಂಬಿ ಕೂತವರಿಗೆ ಇಂಥ ಕಡೆ ಹೆಚ್ಚೇನೂ ದಕ್ಕುವುದಿಲ್ಲ. ಮುಂಬಯಿಯಲ್ಲಿ ಅಚ್ಚಾದ ಪ್ರತಿ, ಲಂಡನ್ನಿನ ಪತ್ರಿಕೆಯ ಸಂಪುಟ ಇವೇ ಗತಿ.

ನಾರಾಯಣಪೇಟೆ, ಗದ್ವಾಲದ ಹೊಸ ಕಾಲೇಜುಗಳಿಗೆ ಇದರಿಂದ ಕಲಿಯಲು ಎರಡು ಸಂಗತಿ ಇವೆ. ಯಾವ ಕೆಲಸದಲ್ಲಿ ಯಾವ ವಿದ್ಯಾರ್ಥಿಯ ಕೈ ಇತ್ತು ಎಂದು ಆ ದಿನವೇ, ಅದೇ ಪುಟದಲ್ಲಿ ಬರೆದಿಡಬೇಕು. ನೂರು ವರ್ಷದ ಮೇಲೆ ಯಾರೋ ಚೂರು ಸೇರಿಸುವ ಪಾಡು ಬೇಡ. ಮತ್ತೆ, ಸಾಧನೆಯ ಪಟ್ಟಿಗೆ ತೀರ್ಮಾನವನ್ನಷ್ಟೇ ಸೇರಿಸದೆ, ಆ ತೀರ್ಮಾನಕ್ಕೆ ಆಧಾರವಾದ ಅಳತೆಯನ್ನೂ ಇಡಬೇಕು. ನಾರ್ವದ ಹಳ್ಳಿಯಲ್ಲಿ ರಕ್ತಹೀನತೆಯ ತಪಾಸಣೆ ನಡೆದರೆ ಎಷ್ಟು ಮಂದಿಯನ್ನು ನೋಡಿದೆವು, ಹೇಗೆ ಅಳೆದೆವು, ಎಷ್ಟು ಮಂದಿ ಬರಲಿಲ್ಲ ಎನ್ನುವುದೂ ವರದಿಯಲ್ಲಿರಲಿ. ತೀರ್ಮಾನ ತಪ್ಪೆಂದು ನಾಳೆ ತೋರಿಸುವವನು ಇದೇ ಕಾಲೇಜಿನ ಹುಡುಗನೋ ಹುಡುಗಿಯೋ ಆಗಿದ್ದರೆ, ಅದೂ ಅದೇ ಕಾಲೇಜಿನ ಸಾಧನೆಯೇ.