ಹೃದಯದರ್ಶನ, ಹೃದಯಚಾಲನ: ಸ್ವೀಡನ್ನಿನ ಎರಡು ಪ್ರಯತ್ನಗಳು

ಶಾಸ್ತ್ರಜ್ಞಾನವು ಮೊದಲು ಪೂರ್ಣಗೊಂಡು, ಉಪಕರಣವು ಅದನ್ನು ಅನುಸರಿಸುವುದೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಹೃದಯಚಿಕಿತ್ಸೆಯ ಚರಿತ್ರೆಯಲ್ಲಿ ಈ ಅಭಿಪ್ರಾಯವು ವಿಚಾರಣೀಯವಾದುದು.

ಲುಂಡ್ ನಗರದ ವೈದ್ಯರಾದ ಇಂಗೆ ಎಡ್ಲರ್ ಅವರಿಗೆ ಶಸ್ತ್ರಕ್ರಿಯೆಗೆ ಮುನ್ನ ದ್ವಿದಳ ಕವಾಟದ ದೋಷವನ್ನು ನಿರ್ಣಯಿಸುವುದು ಕಷ್ಟವಾಗಿದ್ದಿತು. ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ ಅವರು ಲೋಹದೊಳಗಿನ ಬಿರುಕುಗಳನ್ನು ಪರೀಕ್ಷಿಸುವ ಶ್ರವಣಾತೀತ ಧ್ವನಿಯ ಯಂತ್ರವನ್ನು ಇದಕ್ಕೆ ಬಳಸಿದರು. 1953ರ ಅಕ್ಟೋಬರ್ 29ರಂದು ಮಿಡಿಯುವ ಹೃದಯದ ಪ್ರತಿಧ್ವನಿಯು ಲೇಖರೂಪದಲ್ಲಿ ದೊರೆಯಿತು. ಅದರಲ್ಲಿ ಕಂಡ ಒಂದು ರೇಖೆಯನ್ನು ಎಡ ಹೃತ್ಕರ್ಣದ ಗೋಡೆಯದೆಂದು ಮೊದಲು ಎಣಿಸಿದರು; ಅದು ಕವಾಟದ್ದೇ ಎಂಬುದು ಮುಂದೆ ಶವಪರೀಕ್ಷೆಗಳಿಂದ ವಿದಿತವಾಯಿತು.

1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಬಳಿಯ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರು ನಿರ್ಮಿಸಿದ ಗತಿನಿಯಾಮಕವನ್ನು ಆರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿಯ ದೇಹದಲ್ಲಿರಿಸಿದರು. ಯಂತ್ರವಿನ್ನೂ ಸಿದ್ಧವಾಗಿಲ್ಲವೆಂಬ ಹಿಂಜರಿಕೆಯನ್ನು ಗೆದ್ದುದು ರೋಗಿಯ ಪತ್ನಿಯ ಪಟ್ಟು. ಕೆಲವೇ ಗಂಟೆಗಳಲ್ಲಿ ಆ ಯಂತ್ರವು ಕೆಟ್ಟಿತು, ಮತ್ತೊಂದನ್ನು ಇರಿಸಬೇಕಾಯಿತು. ಜೀವಮಾನದಲ್ಲಿ 20ಕ್ಕೂ ಹೆಚ್ಚು ಯಂತ್ರಗಳನ್ನು ಧರಿಸಿದ ಲಾರ್ಸನ್ ಅವರು 2001ರಲ್ಲಿ, 86ನೆಯ ವಯಸ್ಸಿನಲ್ಲಿ, ಕಾಲವಾದರು. ಎಲ್ಮ್‌ಕ್ವಿಸ್ಟ್ ಅವರು 1996ರಲ್ಲಿ, ಸೆನ್ನಿಂಗ್ ಅವರು 2000ದಲ್ಲಿ ಅದಾಗಲೇ ತೀರಿಕೊಂಡಿದ್ದರು.

ಎರಡರಲ್ಲಿಯೂ ರೋಗಿಯ ಅವಶ್ಯಕತೆಯು ಮುಂದೆ, ಉಪಕರಣವು ಅದರ ಹಿಂದೆ, ನಿಶ್ಚಿತಜ್ಞಾನವು ಕಡೆಯಲ್ಲಿ ಬಂದಿತು. ಆದುದರಿಂದ ಚರಿತ್ರಕಾರನು ಮೊದಲ ದಿನಾಂಕವನ್ನಷ್ಟೇ ಗುರುತಿಸಿದರೆ ಸಾಲದು. ಮೊದಲ ತಪ್ಪನ್ನೂ, ಅದನ್ನು ತಿದ್ದಿದ ಬಗೆಯನ್ನೂ ಬರೆದಿಡಬೇಕು.