ತೊಗರಿ ಒಣಗಿದ್ದೇಕೆ? ಜೀವವಿಜ್ಞಾನದಲ್ಲಿ ಪ್ರಯೋಗ ವಿಧಾನ

ಬೀದರ್ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ, ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗುವುದುಂಟು. ರೈತರು ಇದನ್ನು ನೆಟೆ ರೋಗ ಎನ್ನುತ್ತಾರೆ. ಸೊರಗು ರೋಗ ಎಂಬುದು ಇದರ ಮತ್ತೊಂದು ಹೆಸರು. 2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿ ಕಲಬುರಗಿ, ಬೀದರ್ ಭಾಗದಲ್ಲಿ ಈ ರೋಗಕ್ಕೆ ತುತ್ತಾಗಿ, ರಾಜ್ಯ ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಗಿಡ ಒಣಗಿದ್ದೇಕೆ ಎಂಬ ರೈತನ ಪ್ರಶ್ನೆಯೂ ಜೀವವಿಜ್ಞಾನದ ಮೊದಲ ಪಾಠವಾದ ವೈಜ್ಞಾನಿಕ ವಿಧಾನವೂ ಇಲ್ಲಿ ಒಂದೆಡೆ ಸೇರುತ್ತವೆ.

ವೀಕ್ಷಣೆ ಮತ್ತು ಪ್ರಾಕ್ಕಲ್ಪನೆ

ವೈಜ್ಞಾನಿಕ ವಿಧಾನದ ಮೊದಲ ಹೆಜ್ಜೆ ವೀಕ್ಷಣೆ. ತೊಗರಿ ಒಣಗಲು ಕಾರಣ ಒಂದೇ ಅಲ್ಲ. ತೇವಾಂಶದ ಕೊರತೆ, ನೀರು ನಿಂತ ಹೊಲದಲ್ಲಿ ಬರುವ ಅಂಗಮಾರಿ, ಬಿಸಿಲು ಹೆಚ್ಚಿದಾಗ ಕಾಣುವ ಒಣ ಬೇರು ಕೊಳೆ - ಇವೆಲ್ಲವೂ ಗಿಡವನ್ನು ಒಣಗಿಸಬಲ್ಲವು. ಸೊರಗು ರೋಗ ತಗುಲಿದ ಗಿಡದ ಕಾಂಡವನ್ನು ಸೀಳಿದರೆ ನೀರು ಸಾಗಿಸುವ ನಾಳಗಳು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿರುತ್ತವೆ. ಈ ಗುರುತನ್ನು ಕಂಡ ಬಳಿಕವೇ 'ಮಣ್ಣಿನಲ್ಲಿರುವ ಶಿಲೀಂಧ್ರವೊಂದು ನಾಳಗಳನ್ನು ಕಟ್ಟಿಹಾಕುತ್ತಿದೆ' ಎಂಬ ಪ್ರಾಕ್ಕಲ್ಪನೆಗೆ ಆಧಾರ ದೊರೆಯುತ್ತದೆ. ಪ್ರಾಕ್ಕಲ್ಪನೆ ಎಂದರೆ ಬರಿಯ ಊಹೆಯಲ್ಲ. ಸುಳ್ಳಾಗಿದ್ದರೆ ಸುಳ್ಳೆಂದು ತೋರಿಸಲು ಸಾಧ್ಯವಿರುವ ಹೇಳಿಕೆ.

ಜತೆಯಲ್ಲಿದ್ದುದೆಲ್ಲ ಕಾರಣವಲ್ಲ

ಬಿಹಾರದ ಪೂಸಾ ಸಂಶೋಧನಾ ಸಂಸ್ಥೆಯಲ್ಲಿದ್ದ ಎಡ್ವಿನ್ ಜಾನ್ ಬಟ್ಲರ್ ಈ ರೋಗವನ್ನು ಕುರಿತು 1906 ಮತ್ತು 1910ರಲ್ಲಿ ವಿವರವಾದ ಅಧ್ಯಯನಗಳನ್ನು ಪ್ರಕಟಿಸಿದರು. ಸತ್ತ ತೊಗರಿ ಬೇರುಗಳಲ್ಲಿ ಒಂದಕ್ಕಿಂತ ಹೆಚ್ಚು ಶಿಲೀಂಧ್ರಗಳು ಕಾಣುತ್ತಿದ್ದವು. ಅವುಗಳಲ್ಲಿ ಒಂದಾದ ನಿಯೋಕಾಸ್ಮೋಸ್ಪೋರ ರೋಗದ ಮೂಲವೆಂಬ ನಂಬಿಕೆ ಆಗ ಪ್ರಚಲಿತವಾಗಿತ್ತು. ಶಿಲೀಂಧ್ರಗಳನ್ನು ಬೇರೆಬೇರೆಯಾಗಿ ಬೆಳೆಸಿ ಆರೋಗ್ಯವಂತ ಗಿಡಗಳಿಗೆ ಸೋಂಕಿಸಿ ನೋಡಿದಾಗ, ನಿಯೋಕಾಸ್ಮೋಸ್ಪೋರ ಸತ್ತ ಬೇರಿನ ಮೇಲೆ ಬದುಕುವ ಜೀವಿಯಷ್ಟೇ ಎಂಬುದೂ, ರೋಗ ತರುವುದು ಫ್ಯುಸೇರಿಯಂ ಎಂಬುದೂ ಸ್ಪಷ್ಟವಾಯಿತು. ಬಟ್ಲರ್ ಅದಕ್ಕೆ ಫ್ಯುಸೇರಿಯಂ ಉಡಮ್ ಎಂದು ಹೆಸರಿಟ್ಟರು.

ಜರ್ಮನಿಯ ರಾಬರ್ಟ್ ಕಾಕ್ 1880ರ ದಶಕದಲ್ಲಿ ರೂಪಿಸಿದ ನಿಯಮಗಳೂ ಇದನ್ನೇ ಹೇಳುತ್ತವೆ. ರೋಗಿಯಲ್ಲಿ ಜೀವಿ ಸಿಗಬೇಕು, ಅದನ್ನು ಪ್ರತ್ಯೇಕವಾಗಿ ಬೆಳೆಸಬೇಕು, ಆರೋಗ್ಯವಂತನಿಗೆ ಸೋಂಕಿಸಿದಾಗ ಅದೇ ರೋಗ ಬರಬೇಕು, ಅಲ್ಲಿಂದ ಅದೇ ಜೀವಿ ಮತ್ತೆ ಸಿಗಬೇಕು.

ರೋಗದ ಮಡಿ

ಕಾರಣ ತಿಳಿದ ಮೇಲೆ ನಿರೋಧಕ ತಳಿಯ ಹುಡುಕಾಟ. ಹುಮನಾಬಾದ್ ಮೂಲಕ ಹಾದುಹೋಗುವ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯಲ್ಲೇ, ಹೈದರಾಬಾದಿಗೆ ಮುನ್ನ ಸಿಗುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆ. ಅಲ್ಲಿನ ವಿಜ್ಞಾನಿಗಳು ರೋಗವನ್ನು ದೂರವಿಡುವ ಬದಲು ಬೇಕೆಂದೇ ಬೆಳೆಸಿದರು. ಸೊರಗಿದ ಗಿಡಗಳ ಕಾಂಡ, ಬೇರುಗಳನ್ನು ಮಣ್ಣಿಗೆ ಸೇರಿಸಿ ರೋಗದ ಮಡಿಗಳನ್ನು ಸಿದ್ಧಪಡಿಸಿದರು. ಪರೀಕ್ಷೆಗೆ ಒಳಪಟ್ಟ ಸಾಲುಗಳ ನಡುನಡುವೆ, ರೋಗಕ್ಕೆ ಬೇಗ ಬಲಿಯಾಗುವ ಐಸಿಪಿ 2376 ಎಂಬ ತಳಿಯನ್ನು ಬಿತ್ತುವ ಪದ್ಧತಿ ಬೆಳೆಯಿತು.

ಈ ಸಾಲುಗಳೇ ಪ್ರಯೋಗದ ಜೀವಾಳ. ಹೊಸ ತಳಿಯೊಂದು ಹಸಿರಾಗಿ ಉಳಿದರೆ ಅದು ರೋಗವನ್ನು ತಡೆದುಕೊಂಡಿದ್ದರಿಂದಲೋ ಅಥವಾ ಅಲ್ಲಿ ರೋಗವೇ ಇಲ್ಲದ್ದರಿಂದಲೋ? ಪಕ್ಕದ ಐಸಿಪಿ 2376 ಸತ್ತಿದ್ದರೆ ಮಾತ್ರ ಉತ್ತರ ಸಿಗುತ್ತದೆ. ಅದೂ ಹಸಿರಾಗಿದ್ದರೆ ಆ ವರ್ಷದ ಪರೀಕ್ಷೆಗೆ ಬೆಲೆಯಿಲ್ಲ. ಹೋಲಿಕೆಗಾಗಿ ಇಡುವ ಇಂಥ ಗುಂಪಿಗೆ ನಿಯಂತ್ರಕ ಗುಂಪು ಎನ್ನುತ್ತಾರೆ.

ಇಂಥ ಪರೀಕ್ಷೆಗಳಲ್ಲಿ ಗೆದ್ದ ಐಸಿಪಿ 8863 ತಳಿ 'ಮಾರುತಿ' ಎಂಬ ಹೆಸರಿನಲ್ಲಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಗಿ ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿ ಹರಡಿತು. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಅನಂತರ ಬಂದ ಮತ್ತೊಂದು ನಿರೋಧಕ ತಳಿ.

ವಿನ್ಯಾಸದ ಮೂರು ಸೂತ್ರ

ಟ್ರೈಕೋಡರ್ಮದಿಂದ ಬೀಜೋಪಚಾರ ಮಾಡಿದ ಹೊಲದಲ್ಲಿ ಬೆಳೆ ಒಣಗಲಿಲ್ಲ ಎನ್ನೋಣ. ಇದು ಉಪಚಾರದ ಫಲವೆಂದು ಕೂಡಲೇ ಹೇಳಲಾಗದು. ಆ ಹೊಲದಲ್ಲಿ ಹಿಂದೆ ಜೋಳ ಬೆಳೆದಿರಬಹುದು, ನೀರು ಚೆನ್ನಾಗಿ ಬಸಿದು ಹೋಗುತ್ತಿರಬಹುದು. ಬೀದರ್ ಜಿಲ್ಲೆಯಲ್ಲಿ ಕಪ್ಪು ಮಣ್ಣೂ ಇದೆ, ಕೆಂಪು ಜಂಬಿಟ್ಟಿಗೆ ಮಣ್ಣೂ ಇದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ದುಡಿದ ಆರ್.ಎ. ಫಿಶರ್ ಈ ತೊಡಕಿಗೆ ಮೂರು ಸೂತ್ರಗಳನ್ನು ನೀಡಿದರು. 1935ರಲ್ಲಿ ಪ್ರಯೋಗ ವಿನ್ಯಾಸದ ಬಗ್ಗೆಯೇ ಗ್ರಂಥವೊಂದನ್ನು ಪ್ರಕಟಿಸಿದರು.

ಪುನರಾವರ್ತನೆ: ಉಪಚರಿಸಿದ ಮಡಿ ಒಂದೇ ಇರಬಾರದು, ಹಲವು ಇರಬೇಕು.

ಯಾದೃಚ್ಛಿಕ ಹಂಚಿಕೆ: ಯಾವ ಮಡಿಗೆ ಉಪಚಾರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು; ಒಳ್ಳೆಯ ಜಾಗವನ್ನು ನೋಡಿ ಆರಿಸಬಾರದು.

ಸ್ಥಳೀಯ ನಿಯಂತ್ರಣ: ಒಂದೇ ಬಗೆಯ ಮಣ್ಣಿನ ಮಡಿಗಳನ್ನು ಒಂದು ಗುಂಪಾಗಿಸಿ, ಆ ಗುಂಪಿನೊಳಗೇ ಹೋಲಿಸಬೇಕು.

ಇಲ್ಲಿ ಬೀಜೋಪಚಾರ ಸ್ವತಂತ್ರ ಚರ. ಒಣಗಿದ ಗಿಡಗಳ ಶೇಕಡಾವಾರು ಪ್ರಮಾಣ ಅವಲಂಬಿತ ಚರ. ತಳಿ, ಬಿತ್ತನೆ ದಿನ, ಗೊಬ್ಬರ ಇವು ಎಲ್ಲ ಮಡಿಗಳಲ್ಲೂ ಒಂದೇ ಆಗಿರಬೇಕಾದವು.

ತೀರ್ಮಾನದ ಎಲ್ಲೆ

ಪ್ರಯೋಗ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಸೊರಗು ರೋಗದ ಪರೀಕ್ಷೆಯಲ್ಲಿ ನಿರೋಧಕ ಎನಿಸಿಕೊಂಡ ಮಾರುತಿ ತಳಿಯನ್ನೇ, ನುಸಿಯಿಂದ ಹರಡುವ ಗೊಡ್ಡು ರೋಗದ ಪರೀಕ್ಷೆಯಲ್ಲಿ ವಿಜ್ಞಾನಿಗಳು ಸುಲಭವಾಗಿ ರೋಗಕ್ಕೆ ತುತ್ತಾಗುವ ತಳಿಯೆಂದು ಹೋಲಿಕೆಗೆ ಬಳಸುತ್ತಾರೆ. ಇದಲ್ಲದೆ ರೋಗಾಣುವಿನಲ್ಲೂ ಬೇರೆಬೇರೆ ಬಗೆಗಳಿವೆ. ಒಂದು ಊರಿನಲ್ಲಿ ತಾಳಿಕೊಂಡ ತಳಿ ಇನ್ನೊಂದು ಊರಿನಲ್ಲಿ ಸೋಲಬಹುದು. ಆದಕಾರಣ ಒಂದೇ ತಳಿಯನ್ನು ಹಲವು ಕೇಂದ್ರಗಳಲ್ಲಿ, ಹಲವು ವರ್ಷ ಪರೀಕ್ಷಿಸಲಾಗುತ್ತದೆ.

ಸೋಂಕಿತ ಕೂಳೆಯಲ್ಲಿ ಈ ಶಿಲೀಂಧ್ರ ಸುಮಾರು ಮೂರು ವರ್ಷ ಬದುಕಿರಬಲ್ಲದು. ತಪ್ಪು ತೀರ್ಮಾನದ ಮೇಲೆ ಬಿತ್ತಿದ ರೈತನಿಗೆ ನಷ್ಟ ಒಂದೇ ಹಂಗಾಮಿಗೆ ಮುಗಿಯುವುದಿಲ್ಲ. ಯಾವುದೇ ಬೀಜ ಅಥವಾ ಔಷಧದ ಗುಣಗಾನ ಕಿವಿಗೆ ಬಿದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ: ಯಾವುದರೊಂದಿಗೆ ಹೋಲಿಸಿ, ಎಷ್ಟು ಮಡಿಗಳಲ್ಲಿ, ಎಷ್ಟು ವರ್ಷ?