ಭಯೋತ್ಪಾದನೆಗೆ ಹಣಕಾಸು ನೆರವು ತಡೆ: ಅಂತಾರಾಷ್ಟ್ರೀಯ ಕ್ರಮಗಳು ಹಾಗೂ ಚಾಮರಾಜನಗರ ಗಡಿ ಭಾಗದ ಅನುಭವ

ಪೀಠಿಕೆ

ಭಯೋತ್ಪಾದಕ ಕೃತ್ಯಗಳನ್ನು ತಡೆಗಟ್ಟುವ ಕಾರ್ಯದಲ್ಲಿ ಆಯುಧ ಹಿಡಿದವರನ್ನು ಬಂಧಿಸುವುದು ಎಷ್ಟು ಮುಖ್ಯವೋ, ಅವರಿಗೆ ಹಣ ತಲುಪುವ ದಾರಿಗಳನ್ನು ಮುಚ್ಚುವುದೂ ಅಷ್ಟೇ ಮುಖ್ಯವಾಗಿರುತ್ತದೆ. ಮದ್ದುಗುಂಡು, ಆಹಾರ, ವಾಹನ, ಮಾಹಿತಿದಾರರು, ಅಡಗುತಾಣ ಇವೆಲ್ಲಕ್ಕೂ ಹಣ ಬೇಕು. ಆ ಹಣ ಎಲ್ಲಿಂದ ಬರುತ್ತದೆ, ಯಾರ ಕೈಯಿಂದ ಹಾದುಹೋಗುತ್ತದೆ ಎಂಬುದನ್ನು ಪತ್ತೆ ಹಚ್ಚಿ ತಡೆಯುವ ಉದ್ದೇಶದಿಂದ ವಿಶ್ವಸಂಸ್ಥೆ ಹಾಗೂ ಇತರ ಅಂತಾರಾಷ್ಟ್ರೀಯ ಸಂಸ್ಥೆಗಳು 1999ರಿಂದೀಚೆಗೆ ಹಲವಾರು ಕ್ರಮಗಳನ್ನು ಕೈಗೊಂಡಿವೆ. ಸದರಿ ಕ್ರಮಗಳು ದೂರದ ದೇಶಗಳಿಗೆ ಸಂಬಂಧಿಸಿದವು ಎಂಬ ಭಾವನೆ ಸಾರ್ವಜನಿಕರಲ್ಲಿ ಇರುವುದು ಸಹಜ. ಆದರೆ ಅವುಗಳ ಅಗತ್ಯವನ್ನು ಚಾಮರಾಜನಗರ ಜಿಲ್ಲೆಯ ಗಡಿ ಗ್ರಾಮಗಳು ಬಹಳ ಮೊದಲೇ ಅನುಭವದಿಂದ ಕಂಡಿವೆ. ಈ ಲೇಖನದಲ್ಲಿ ಆ ಅನುಭವವನ್ನೂ, ಅಂತಾರಾಷ್ಟ್ರೀಯ ನಿಯಮಗಳನ್ನೂ, ಭಾರತದ ಕಾನೂನನ್ನೂ, ಸಾರ್ವಜನಿಕರು ಅನುಸರಿಸಬೇಕಾದ ಎಚ್ಚರಿಕೆಗಳನ್ನೂ ಸಂಕ್ಷಿಪ್ತವಾಗಿ ವಿವರಿಸಲಾಗಿದೆ.

1. ಗಡಿ ಅರಣ್ಯದ ಹಿನ್ನೆಲೆ

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹರದನಹಳ್ಳಿಯ ಸುತ್ತಲಿನ ಸೀಮೆಗೆ ದಕ್ಷಿಣದಲ್ಲಿ ತಮಿಳುನಾಡಿನ ತಾಳವಾಡಿ ಹಾಗೂ ಸತ್ಯಮಂಗಲ ಅರಣ್ಯ ಪ್ರದೇಶಗಳಿವೆ. ಗಡಿಯ ಎರಡೂ ಕಡೆ ಕನ್ನಡ ಮಾತನಾಡುವ ಗ್ರಾಮಗಳಿದ್ದು, ವ್ಯಾಪಾರ, ನೆಂಟಸ್ತನ, ಜಾತ್ರೆಗಳ ಮೂಲಕ ಪರಸ್ಪರ ಒಡನಾಟವಿದೆ. ಇದೇ ಅರಣ್ಯಗಳಲ್ಲಿ ವೀರಪ್ಪನ್ ಮತ್ತು ಅವನ ತಂಡ ಸುಮಾರು ಎರಡು ದಶಕಗಳ ಕಾಲ ನೆಲೆಯೂರಿತ್ತು.

ಸದರಿ ತಂಡದ ಆದಾಯದ ಮೂಲಗಳು ಕಾಲಕ್ಕೆ ತಕ್ಕಂತೆ ಬದಲಾದವು. ಪ್ರಾರಂಭದಲ್ಲಿ ಆನೆಗಳನ್ನು ಕೊಂದು ದಂತ ಮಾರಾಟ ಮಾಡುವುದು ಮುಖ್ಯ ಕಸುಬಾಗಿತ್ತು. 1986ರಲ್ಲಿ ವನ್ಯಜೀವಿ (ಸಂರಕ್ಷಣಾ) ಕಾಯ್ದೆಗೆ ತಿದ್ದುಪಡಿ ತಂದು ಭಾರತೀಯ ಆನೆದಂತದ ವ್ಯಾಪಾರವನ್ನು ದೇಶದೊಳಗೆ ನಿಷೇಧಿಸಲಾಯಿತು. 1989ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಆಫ್ರಿಕಾದ ಆನೆದಂತದ ವಾಣಿಜ್ಯ ವ್ಯಾಪಾರಕ್ಕೂ ನಿಷೇಧ ಹೇರಲಾಯಿತು. ದಂತವಿರುವ ಗಂಡಾನೆಗಳು ವಿರಳವಾಗುತ್ತಿದ್ದಂತೆ ತಂಡವು ಶ್ರೀಗಂಧದ ಕಳ್ಳಸಾಗಣೆಗೆ ಇಳಿಯಿತು. ಮುಂದೆ ಪೊಲೀಸ್ ಕಾರ್ಯಾಚರಣೆ ಬಿಗಿಯಾದಾಗ ಕರಿಕಲ್ಲು ಕ್ವಾರಿಗಳ ಮಾಲೀಕರನ್ನು ಬೆದರಿಸಿ ಹಣ ಕೀಳುವುದು, ಜನರನ್ನು ಅಪಹರಿಸಿ ಒತ್ತೆಹಣ ಕೇಳುವುದು ಪ್ರಾರಂಭವಾಯಿತು. ಒಂದು ದಾರಿ ಮುಚ್ಚಿದಾಗ ಮತ್ತೊಂದು ದಾರಿ ತೆರೆದುಕೊಂಡಿತು ಎಂಬುದು ಇಲ್ಲಿ ಗಮನಿಸತಕ್ಕ ಅಂಶವಾಗಿದೆ.

ಇದಕ್ಕೆ ತೆತ್ತ ಬೆಲೆ ದೊಡ್ಡದು. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರಲ್ಲಿ ಪೊಲೀಸ್ ಅಧೀಕ್ಷಕ ಟಿ. ಹರಿಕೃಷ್ಣ ಹಾಗೂ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರು ಹತ್ಯೆಗೀಡಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನಡೆದ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಮೃತಪಟ್ಟರು. ಈ ಪ್ರಕರಣಗಳಲ್ಲಿ ಅಂದು ಜಾರಿಯಲ್ಲಿದ್ದ ಟಾಡಾ ಕಾಯ್ದೆಯ ಅಡಿಯಲ್ಲಿ ಮೊಕದ್ದಮೆಗಳನ್ನು ಹೂಡಲಾಯಿತು.

2. ಒತ್ತೆಸೆರೆ ಮತ್ತು ಸರ್ವೋಚ್ಚ ನ್ಯಾಯಾಲಯದ ತೀರ್ಪು

2000ನೇ ಇಸವಿಯ ಜುಲೈ 30ರ ರಾತ್ರಿ ಗಡಿಯಾಚೆಯ ಗಾಜನೂರಿನಿಂದ ಹಿರಿಯ ನಟ ಡಾ. ರಾಜ್‌ಕುಮಾರ್ ಅವರನ್ನು ಅವರ ಜೊತೆಗಿದ್ದವರ ಸಮೇತ ಅಪಹರಿಸಲಾಯಿತು. ಆ ವೇಳೆಗೆ ತಮಿಳುನಾಡಿನ ತೀವ್ರಗಾಮಿ ಗುಂಪುಗಳ ಸದಸ್ಯರು ವೀರಪ್ಪನ್ ತಂಡದೊಂದಿಗೆ ಸೇರಿಕೊಂಡಿದ್ದರು. ಆದ್ದರಿಂದಲೇ ಬೇಡಿಕೆಗಳ ಪಟ್ಟಿಯಲ್ಲಿ ಕಾವೇರಿ ನೀರು, ಭಾಷೆ, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆಯ ಅನಾವರಣ ಮುಂತಾದ ರಾಜಕೀಯ ವಿಷಯಗಳೂ, ಬಂಧಿತರ ಬಿಡುಗಡೆಯೂ ಸೇರಿದ್ದವು. ಕಾಡುಗಳ್ಳತನದಿಂದ ಆರಂಭವಾದ ಅಪರಾಧವು ರಾಜಕೀಯ ಉದ್ದೇಶದ ಹಿಂಸಾಚಾರದೊಂದಿಗೆ ಕೈಜೋಡಿಸಿದ ಸಂದರ್ಭವಿದು. ತಮಿಳುನಾಡು ವಿಮೋಚನಾ ಸೇನೆ ಹಾಗೂ ತಮಿಳು ರಾಷ್ಟ್ರೀಯ ಮರುಪಡೆ ಎಂಬ ಸಂಘಟನೆಗಳನ್ನು 2002ರಲ್ಲಿ ನಿಷೇಧಿಸಲಾಗಿದ್ದು, ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿಯೂ ಅವುಗಳ ಹೆಸರನ್ನು ಸೇರಿಸಲಾಗಿದೆ.

ಒತ್ತೆಯಾಳುಗಳ ಬಿಡುಗಡೆಯ ದೃಷ್ಟಿಯಿಂದ, ಟಾಡಾ ಅಡಿಯ ಆರೋಪಗಳನ್ನು ಹಿಂಪಡೆಯಲು ಕ್ರಮ ಕೈಗೊಳ್ಳಲಾಯಿತು. ಮೈಸೂರಿನ ವಿಶೇಷ ನ್ಯಾಯಾಲಯವು ಇದಕ್ಕೆ ಅನುಮತಿಯನ್ನೂ ನೀಡಿತು. ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು, ಹತ್ಯೆಗೀಡಾಗಿದ್ದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. 2000ದ ನವೆಂಬರ್ 7ರಂದು ನ್ಯಾಯಾಲಯವು ಅವರ ಮೇಲ್ಮನವಿಯನ್ನು ಪುರಸ್ಕರಿಸಿ, ಆರೋಪ ಹಿಂಪಡೆಯಲು ನೀಡಿದ್ದ ಅನುಮತಿಯನ್ನು ರದ್ದುಪಡಿಸಿತು. 108 ದಿನಗಳ ಸೆರೆಯ ಬಳಿಕ ನವೆಂಬರ್ 15ರಂದು ಡಾ. ರಾಜ್‌ಕುಮಾರ್ ಅವರ ಬಿಡುಗಡೆಯಾಯಿತು.

ಬಿಡುಗಡೆಗಾಗಿ ಹಣ ಸಂದಾಯವಾಯಿತೇ ಎಂಬುದು ಬಳಿಕ ಬಹುಕಾಲ ವಿವಾದದ ವಿಷಯವಾಗಿತ್ತು. ಅಪಹರಣ ಪ್ರಕರಣದ ಒಂಬತ್ತು ಮಂದಿ ಆರೋಪಿಗಳನ್ನು ಗೋಬಿಚೆಟ್ಟಿಪಾಳ್ಯಂ ನ್ಯಾಯಾಲಯವು 2018ರ ಸೆಪ್ಟೆಂಬರ್‌ನಲ್ಲಿ ಖುಲಾಸೆಗೊಳಿಸಿತು. ಈ ನಡುವೆ 2002ರ ಆಗಸ್ಟ್ 25ರಂದು ಕೊಳ್ಳೇಗಾಲ ಸಮೀಪದ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಅಪಹರಿಸಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರ ಮೃತದೇಹ ಅರಣ್ಯದಲ್ಲಿ ಪತ್ತೆಯಾಯಿತು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ತಮಿಳುನಾಡಿನ ವಿಶೇಷ ಕಾರ್ಯಪಡೆ ನಡೆಸಿದ ಕಾರ್ಯಾಚರಣೆಯಲ್ಲಿ ವೀರಪ್ಪನ್ ಹತನಾದನು.

ಒತ್ತೆಯಾಳಿನ ಜೀವ ಒಂದು ಕಡೆ, ಬೇಡಿಕೆಗೆ ಮಣಿದರೆ ಮುಂದಿನ ಅಪಹರಣಕ್ಕೆ ದೊರೆಯುವ ಬಲ ಇನ್ನೊಂದು ಕಡೆ: ಈ ಕಠಿಣ ಪ್ರಶ್ನೆಯನ್ನು ಗಡಿ ಭಾಗದ ಜನತೆ ಎರಡು ವರ್ಷಗಳ ಅಂತರದಲ್ಲಿ ಎರಡು ಬಾರಿ ಎದುರಿಸಬೇಕಾಯಿತು. ಅಂತಾರಾಷ್ಟ್ರೀಯ ಸಮುದಾಯವು ಇದೇ ಪ್ರಶ್ನೆಗೆ ನಿಯಮಗಳ ರೂಪದಲ್ಲಿ ಉತ್ತರ ಕಂಡುಕೊಳ್ಳಲು ಯತ್ನಿಸಿದೆ.

3. ವಿಶ್ವಸಂಸ್ಥೆಯ ಕ್ರಮಗಳು

ಭಯೋತ್ಪಾದನೆಗೆ ಹಣಕಾಸು ನೆರವು ನೀಡುವುದನ್ನು ತಡೆಗಟ್ಟುವ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ವಿಶ್ವಸಂಸ್ಥೆಯ ಮಹಾಸಭೆಯು 1999ರ ಡಿಸೆಂಬರ್ 9ರಂದು ಅಂಗೀಕರಿಸಿತು. ಭಾರತವು ಇದಕ್ಕೆ 2000ದ ಸೆಪ್ಟೆಂಬರ್ 8ರಂದು, ಅಂದರೆ ಡಾ. ರಾಜ್‌ಕುಮಾರ್ ಅವರು ಇನ್ನೂ ಕಾಡಿನಲ್ಲಿ ಸೆರೆಯಲ್ಲಿದ್ದ ದಿನಗಳಲ್ಲಿಯೇ ಸಹಿ ಹಾಕಿತು, 2003ರಲ್ಲಿ ಸ್ಥಿರೀಕರಿಸಿತು. ಒಡಂಬಡಿಕೆಯು 2002ರ ಏಪ್ರಿಲ್ 10ರಿಂದ ಜಾರಿಗೆ ಬಂದಿದೆ.

ಇದರ ಮುಖ್ಯ ಅಂಶವೆಂದರೆ, ಹಣ ಒದಗಿಸುವುದು ಅಥವಾ ಸಂಗ್ರಹಿಸುವುದೇ ಸ್ವತಂತ್ರ ಅಪರಾಧವಾಗುತ್ತದೆ. ಆ ಹಣವನ್ನು ಕೃತ್ಯಕ್ಕೆ ವಾಸ್ತವವಾಗಿ ಬಳಸಲಾಯಿತೆಂದು ಸಾಬೀತುಪಡಿಸಬೇಕಾಗಿಲ್ಲ. ಬಳಕೆಯಾಗಲೆಂಬ ಉದ್ದೇಶ ಅಥವಾ ಬಳಕೆಯಾಗುತ್ತದೆಂಬ ಅರಿವು ಇದ್ದರೆ ಸಾಕು. ಹಣ ನ್ಯಾಯವಾಗಿ ಸಂಪಾದಿಸಿದ್ದೇ ಆಗಿದ್ದರೂ ಅಪರಾಧ ತಪ್ಪುವುದಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಹಣದ ಅಕ್ರಮ ವರ್ಗಾವಣೆಯ ಪ್ರಕರಣದಲ್ಲಿ ಮುಖ್ಯವಾಗಿ ಜಮಾ ಬಾಬ್ತನ್ನು ಪರಿಶೀಲಿಸಲಾಗುತ್ತದೆ. ಭಯೋತ್ಪಾದನೆಯ ಹಣದ ಪ್ರಕರಣದಲ್ಲಿ ಮುಖ್ಯವಾಗಿ ಖರ್ಚಿನ ಬಾಬ್ತನ್ನು ಪರಿಶೀಲಿಸಲಾಗುತ್ತದೆ. ಮೊದಲನೆಯದರಲ್ಲಿ ಹಣ ಬಂದ ಮೂಲ ಕೆಟ್ಟದ್ದು. ಎರಡನೆಯದರಲ್ಲಿ ಹಣ ಸೇರುವ ಜಾಗ ಕೆಟ್ಟದ್ದು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಕೈಗೊಂಡ ಪ್ರಮುಖ ನಿರ್ಣಯಗಳು ಈ ಕೆಳಕಂಡಂತಿವೆ:

ಅ) ನಿರ್ಣಯ 1267, ಅಕ್ಟೋಬರ್ 1999: ತಾಲಿಬಾನ್ ವಿರುದ್ಧ ಆಸ್ತಿ ಮುಟ್ಟುಗೋಲು ಸೇರಿದಂತೆ ನಿರ್ಬಂಧಗಳನ್ನು ವಿಧಿಸಿತು. ಮುಂದೆ ಇದನ್ನು ಅಲ್ ಖೈದಾ ಹಾಗೂ ಅದಕ್ಕೆ ಸಂಬಂಧಿಸಿದ ವ್ಯಕ್ತಿ, ಸಂಸ್ಥೆಗಳಿಗೂ ವಿಸ್ತರಿಸಲಾಯಿತು.

ಆ) ನಿರ್ಣಯ 1373, ಸೆಪ್ಟೆಂಬರ್ 28, 2001: ಅಮೆರಿಕದ ಮೇಲಿನ ದಾಳಿಯ ಬಳಿಕ ಅಂಗೀಕರಿಸಲಾದ ಈ ನಿರ್ಣಯವು ಭಯೋತ್ಪಾದನೆಗೆ ಹಣ ಒದಗಿಸುವುದನ್ನು ಅಪರಾಧವೆಂದು ಘೋಷಿಸುವುದನ್ನೂ, ಅಂತಹ ಹಣವನ್ನು ವಿಳಂಬವಿಲ್ಲದೆ ತಡೆಹಿಡಿಯುವುದನ್ನೂ ಎಲ್ಲ ಸದಸ್ಯ ರಾಷ್ಟ್ರಗಳಿಗೆ ಕಡ್ಡಾಯಗೊಳಿಸಿತು.

ಇ) ನಿರ್ಣಯ 2133, ಜನವರಿ 2014: ಅಪಹರಣಗಳಲ್ಲಿ ಒತ್ತೆಹಣದಿಂದಾಗಲಿ ರಾಜಕೀಯ ರಿಯಾಯಿತಿಗಳಿಂದಾಗಲಿ ಭಯೋತ್ಪಾದಕರಿಗೆ ಲಾಭವಾಗದಂತೆ ತಡೆಯಬೇಕೆಂದೂ, ಒತ್ತೆಯಾಳುಗಳ ಸುರಕ್ಷಿತ ಬಿಡುಗಡೆಗೆ ಶ್ರಮಿಸಬೇಕೆಂದೂ ಕರೆ ನೀಡಿತು. ಗಾಜನೂರು ಪ್ರಕರಣದಲ್ಲಿ ಎದ್ದ ಎರಡೂ ವಿಷಯಗಳು, ಅಂದರೆ ಹಣ ಮತ್ತು ರಾಜಕೀಯ ಬೇಡಿಕೆ, ಇಲ್ಲಿ ಒಟ್ಟಿಗೆ ಉಲ್ಲೇಖವಾಗಿರುವುದು ಗಮನಾರ್ಹ.

ಈ) ನಿರ್ಣಯ 2134 ಹಾಗೂ 2136, ಜನವರಿ 2014: ಮಧ್ಯ ಆಫ್ರಿಕಾ ಗಣರಾಜ್ಯ ಮತ್ತು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯಗಳಲ್ಲಿ ವನ್ಯಜೀವಿಗಳ ಅಕ್ರಮ ವ್ಯಾಪಾರದ ಮೂಲಕ ಸಶಸ್ತ್ರ ಗುಂಪುಗಳಿಗೆ ಬೆಂಬಲ ನೀಡುವವರನ್ನೂ ನಿರ್ಬಂಧಗಳ ವ್ಯಾಪ್ತಿಗೆ ತಂದವು.

ಉ) ನಿರ್ಣಯ 2462, ಮಾರ್ಚ್ 2019: ಭಯೋತ್ಪಾದನೆಯ ಹಣಕಾಸು ತಡೆಯನ್ನೇ ಪ್ರಧಾನ ವಿಷಯವನ್ನಾಗಿ ಹೊಂದಿರುವ ಸಮಗ್ರ ನಿರ್ಣಯ.

4. ಹಣಕಾಸು ಕ್ರಿಯಾ ಕಾರ್ಯಪಡೆ

ಎಫ್.ಎ.ಟಿ.ಎಫ್. ಎಂಬ ಹೆಸರಿನಿಂದ ಪರಿಚಿತವಾದ ಈ ಸಂಸ್ಥೆಯನ್ನು 1989ರಲ್ಲಿ ಏಳು ಪ್ರಮುಖ ಕೈಗಾರಿಕಾ ರಾಷ್ಟ್ರಗಳ ಪ್ಯಾರಿಸ್ ಶೃಂಗಸಭೆಯಲ್ಲಿ ಸ್ಥಾಪಿಸಲಾಯಿತು. ಪ್ರಾರಂಭದಲ್ಲಿ ಮಾದಕ ವಸ್ತುಗಳಿಂದ ಬಂದ ಹಣದ ಅಕ್ರಮ ವರ್ಗಾವಣೆಯನ್ನು ತಡೆಯುವುದು ಇದರ ಉದ್ದೇಶವಾಗಿತ್ತು. 2001ರ ಅಕ್ಟೋಬರ್‌ನಲ್ಲಿ ಭಯೋತ್ಪಾದನೆಯ ಹಣಕಾಸಿಗೆ ಸಂಬಂಧಿಸಿದಂತೆ 8 ವಿಶೇಷ ಶಿಫಾರಸುಗಳನ್ನೂ, 2004ರಲ್ಲಿ ಒಂಬತ್ತನೆಯದನ್ನೂ ಹೊರಡಿಸಲಾಯಿತು. 2012ರಲ್ಲಿ ಇವೆಲ್ಲವನ್ನೂ 40 ಶಿಫಾರಸುಗಳಲ್ಲಿ ವಿಲೀನಗೊಳಿಸಲಾಗಿದೆ.

ಸದಸ್ಯ ರಾಷ್ಟ್ರಗಳು ಒಂದನ್ನೊಂದು ಮೌಲ್ಯಮಾಪನ ಮಾಡುವುದು ಈ ಸಂಸ್ಥೆಯ ಕಾರ್ಯವಿಧಾನ. ಕೊರತೆ ಕಂಡುಬಂದ ದೇಶಗಳನ್ನು ಹೆಚ್ಚಿನ ನಿಗಾ ಪಟ್ಟಿಗೆ ಸೇರಿಸಲಾಗುತ್ತದೆ. ಇದನ್ನು ವಾಡಿಕೆಯಲ್ಲಿ ಬೂದು ಪಟ್ಟಿ ಎನ್ನುತ್ತಾರೆ. ಪಾಕಿಸ್ತಾನವು 2018ರ ಜೂನ್‌ನಿಂದ 2022ರ ಅಕ್ಟೋಬರ್‌ವರೆಗೆ ಈ ಪಟ್ಟಿಯಲ್ಲಿತ್ತು. ಭಾರತವು 2010ರ ಜೂನ್‌ನಲ್ಲಿ ಪೂರ್ಣ ಸದಸ್ಯತ್ವ ಪಡೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಮೌಲ್ಯಮಾಪನ ವರದಿಯಲ್ಲಿ ಭಾರತವನ್ನು ಉತ್ತಮ ಶ್ರೇಣಿಯಾದ ನಿಯಮಿತ ಅನುಸರಣೆಯ ವರ್ಗದಲ್ಲಿ ಇರಿಸಲಾಗಿದೆ. ಅದೇ ವರದಿಯು, ಮೊಕದ್ದಮೆಗಳು ನ್ಯಾಯಾಲಯಗಳಲ್ಲಿ ಇತ್ಯರ್ಥವಾಗುವಲ್ಲಿನ ವಿಳಂಬವನ್ನು ಸರಿಪಡಿಸಬೇಕೆಂದೂ ತಿಳಿಸಿದೆ.

ವನ್ಯಜೀವಿಗಳ ಅಕ್ರಮ ವ್ಯಾಪಾರದಿಂದ ಬರುವ ಹಣದ ಹರಿವಿನ ಕುರಿತು ಈ ಸಂಸ್ಥೆಯು 2020ರಲ್ಲಿ ಪ್ರತ್ಯೇಕ ವರದಿ ಹೊರತಂದಿದೆ. ಬೇಟೆಗಾರನನ್ನು ಹಿಡಿದರಷ್ಟೇ ಸಾಲದು, ಸರಕಿಗೆ ಹಣ ಕೊಡುವ ವ್ಯಾಪಾರಿಯನ್ನೂ ಪತ್ತೆ ಹಚ್ಚಬೇಕೆಂಬುದು ಅದರ ಆಶಯ. ದಂತ ಮತ್ತು ಗಂಧ ಸಾಗಿದ ಕಾಡುದಾರಿಗಳನ್ನು ಬಲ್ಲ ಈ ಜಿಲ್ಲೆಗೆ ಆ ಮಾತು ಹೊಸದಲ್ಲ.

5. ಭಾರತದ ಕಾನೂನು ವ್ಯವಸ್ಥೆ

ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, 1967ಕ್ಕೆ 2004, 2008 ಹಾಗೂ 2012ರಲ್ಲಿ ತಿದ್ದುಪಡಿಗಳನ್ನು ತರಲಾಗಿದೆ. ಇದರ 17ನೇ ಪ್ರಕರಣದ ಮೇರೆಗೆ ಭಯೋತ್ಪಾದಕ ಕೃತ್ಯಕ್ಕಾಗಿ ಹಣ ಸಂಗ್ರಹಿಸಿದವರಿಗೆ ಕನಿಷ್ಠ 5 ವರ್ಷಗಳಿಂದ ಆಜೀವ ಕಾರಾವಾಸದವರೆಗೆ ಶಿಕ್ಷೆ ಮತ್ತು ಜುಲ್ಮಾನೆ ವಿಧಿಸಬಹುದಾಗಿದೆ. 51ಎ ಪ್ರಕರಣದ ಮೇರೆಗೆ ಪಟ್ಟಿಯಲ್ಲಿರುವ ವ್ಯಕ್ತಿ, ಸಂಸ್ಥೆಗಳ ಹಣವನ್ನು ಕೇಂದ್ರ ಸರ್ಕಾರವು ತಡೆಹಿಡಿಯಬಹುದಾಗಿದೆ.

ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ, 2002 ಎಂಬುದು 2005ರ ಜುಲೈ 1ರಿಂದ ಜಾರಿಯಲ್ಲಿದೆ. ಅದರನ್ವಯ ಬ್ಯಾಂಕುಗಳು ಗ್ರಾಹಕರ ಗುರುತನ್ನು ಪರಿಶೀಲಿಸಬೇಕು, ದಾಖಲೆಗಳನ್ನು 5 ವರ್ಷ ಕಾಪಾಡಬೇಕು ಮತ್ತು 10 ಲಕ್ಷ ರೂಪಾಯಿ ಮೀರಿದ ನಗದು ವ್ಯವಹಾರಗಳನ್ನೂ, ಮೊತ್ತ ಎಷ್ಟೇ ಇದ್ದರೂ ಸಂಶಯಾಸ್ಪದವಾದ ವ್ಯವಹಾರಗಳನ್ನೂ 2004ರಲ್ಲಿ ರಚನೆಯಾದ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡಬೇಕು. ಕ್ರಿಪ್ಟೋ ಮುಂತಾದ ವರ್ಚುವಲ್ ಡಿಜಿಟಲ್ ಆಸ್ತಿಗಳ ವಹಿವಾಟು ನಡೆಸುವ ಸಂಸ್ಥೆಗಳನ್ನು 2023ರ ಮಾರ್ಚ್‌ನಲ್ಲಿ ಈ ಕಾಯ್ದೆಯ ವ್ಯಾಪ್ತಿಗೆ ತರಲಾಗಿದೆ.

6. ದಾನ ಮತ್ತು ಸೇವಾ ಸಂಸ್ಥೆಗಳು

ಹರದನಹಳ್ಳಿಯು ದಿವ್ಯಲಿಂಗೇಶ್ವರ ದೇವಾಲಯವನ್ನೂ, ಗೋಸಲ ಚನ್ನಬಸವೇಶ್ವರರ ಹಾಗೂ ಎಡೆಯೂರು ಸಿದ್ಧಲಿಂಗೇಶ್ವರರ ಪರಂಪರೆಯನ್ನೂ ಹೊಂದಿರುವ ಗ್ರಾಮ. ದಾಸೋಹ, ದತ್ತಿ, ಕಾಣಿಕೆಗಳು ಇಂತಹ ಊರುಗಳ ಬದುಕಿನ ಭಾಗವಾಗಿವೆ. ಅಂತಾರಾಷ್ಟ್ರೀಯ ನಿಯಮಗಳು ಇಂತಹ ದಾನಧರ್ಮಕ್ಕೆ ಅಡ್ಡಿಯಲ್ಲ. ಸೇವಾ ಸಂಸ್ಥೆಗಳೆಲ್ಲವನ್ನೂ ಸಂಶಯದಿಂದ ಕಾಣದೆ, ಅಪಾಯ ಇರುವ ಕಡೆ ಮಾತ್ರ ಅದಕ್ಕೆ ತಕ್ಕಷ್ಟು ನಿಗಾ ಇರಿಸಬೇಕೆಂದು ಎಫ್.ಎ.ಟಿ.ಎಫ್. ತನ್ನ 8ನೇ ಶಿಫಾರಸನ್ನು 2023ರಲ್ಲಿ ಮತ್ತಷ್ಟು ಸ್ಪಷ್ಟಪಡಿಸಿದೆ. ದಾನ ಪಡೆದವರು ರಸೀದಿ ನೀಡುವುದು, ವರ್ಷಂಪ್ರತಿ ಲೆಕ್ಕ ತಪಾಸಣೆ ಮಾಡಿಸುವುದು, ವಿದೇಶದಿಂದ ಬರುವ ವಂತಿಗೆಯನ್ನು ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ, 2010ರ ಪ್ರಕಾರವೇ ಸ್ವೀಕರಿಸುವುದು ಸಂಸ್ಥೆಯ ಹೆಸರನ್ನೂ, ದಾನಿಗಳ ನಂಬಿಕೆಯನ್ನೂ ಕಾಪಾಡುತ್ತವೆ.

7. ಸಾರ್ವಜನಿಕರ ಗಮನಕ್ಕೆ

ಅ) ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆ, ಎ.ಟಿ.ಎಂ. ಕಾರ್ಡ್ ಅಥವಾ ಸಿಮ್ ಕಾರ್ಡನ್ನು ಅನ್ಯರ ಬಳಕೆಗೆ ನೀಡಬಾರದು. ಆ ಖಾತೆಯ ಮೂಲಕ ಸಾಗುವ ಹಣಕ್ಕೆ ಖಾತೆದಾರರೇ ಮೊದಲು ಉತ್ತರ ಹೇಳಬೇಕಾಗುತ್ತದೆ.

ಆ) ಹೊರ ದೇಶದಲ್ಲಿರುವ ಕುಟುಂಬದವರು ಕಳುಹಿಸುವ ಹಣವನ್ನು ಬ್ಯಾಂಕ್ ಅಥವಾ ಅಧಿಕೃತ ಸಂಸ್ಥೆಗಳ ಮೂಲಕವೇ ಪಡೆಯಬೇಕು. ಹವಾಲಾ ವ್ಯವಹಾರ ಕಾನೂನುಬಾಹಿರವಾಗಿದೆ.

ಇ) ಗುರುತಿಲ್ಲದ ಸಂಸ್ಥೆಯ ಹೆಸರಿನಲ್ಲಿ ವಂತಿಗೆ ಕೇಳಿದಲ್ಲಿ ನೋಂದಣಿಯ ವಿವರ ಹಾಗೂ ರಸೀದಿ ಕೇಳಿ ಪಡೆಯಬೇಕು.

ಈ) ಹಣಕ್ಕಾಗಿ ಬೆದರಿಕೆ ಬಂದಲ್ಲಿ ಗುಟ್ಟಾಗಿ ಹಣ ನೀಡದೆ ಸಮೀಪದ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ತಿಳಿಸಬೇಕು. ಆನ್‌ಲೈನ್ ಹಣಕಾಸು ವಂಚನೆಗಳ ಬಗ್ಗೆ 1930 ಸಂಖ್ಯೆಗೆ ಕರೆ ಮಾಡಬಹುದು.

ಉ) ಬ್ಯಾಂಕಿನವರು ಗುರುತಿನ ದಾಖಲೆಗಳನ್ನು ಮತ್ತೆ ಕೇಳಿದಾಗ ಶಾಖೆಗೆ ಖುದ್ದಾಗಿ ಹೋಗಿ ಸಲ್ಲಿಸಬೇಕು. ದೂರವಾಣಿಯಲ್ಲಿ ಯಾರಿಗೂ ಗುಪ್ತ ಸಂಖ್ಯೆ ಹೇಳಬಾರದು.

ಉಪಸಂಹಾರ

ಕಾಡಿನ ತಂಡವನ್ನು ಅಷ್ಟು ವರ್ಷ ಉಳಿಸಿದ್ದು ಬಂದೂಕುಗಳಷ್ಟೇ ಅಲ್ಲ. ದಂತ ಕೊಂಡವರು, ಗಂಧ ಸಾಗಿಸಿದವರು, ಬೆದರಿ ಹಣ ತೆತ್ತವರು, ಎಲ್ಲವನ್ನೂ ಕಂಡು ಸುಮ್ಮನಿದ್ದವರು ಹೀಗೆ ಅನೇಕರ ಕೈಗಳ ಮೂಲಕ ಹಣ ಹರಿಯಿತು. ಅವರಲ್ಲಿ ಕೆಲವರು ಲಾಭಕ್ಕಾಗಿ, ಹಲವರು ಪ್ರಾಣಭಯದಿಂದ ಹಾಗೆ ನಡೆದುಕೊಂಡರು. ಭಯದಿಂದ ಕೊಟ್ಟವರಿಗೆ ರಕ್ಷಣೆಯೂ, ಲಾಭಕ್ಕಾಗಿ ಕೊಂಡವರಿಗೆ ಶಿಕ್ಷೆಯೂ ದೊರೆತಾಗ ಮಾತ್ರ ಹಣದ ದಾರಿ ಮುಚ್ಚುತ್ತದೆ. ಅಂತಾರಾಷ್ಟ್ರೀಯ ಒಡಂಬಡಿಕೆಗಳು ಆ ದಿಸೆಯಲ್ಲಿ ಚೌಕಟ್ಟನ್ನು ಒದಗಿಸಿವೆ. ಅದನ್ನು ಕಾರ್ಯರೂಪಕ್ಕೆ ತರುವ ಕೆಲಸವು ಬ್ಯಾಂಕಿನ ಶಾಖೆ, ಪೊಲೀಸ್ ಠಾಣೆ, ಸೇವಾ ಸಂಸ್ಥೆಯ ಲೆಕ್ಕದ ಪುಸ್ತಕ ಹಾಗೂ ಪ್ರತಿಯೊಬ್ಬ ಖಾತೆದಾರರ ಎಚ್ಚರಿಕೆಯನ್ನು ಅವಲಂಬಿಸಿದೆ. ಈ ದಿಸೆಯಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.